ಮುಕ್ತಲೋಕದ ಆಟಗಳೂ ಆಟಗಾರನ ಬೇಸರವೂ

೧

ವಿಡಿಯೋ ಆಟಗಳಲ್ಲಿ ‘ಓಪನ್ ವರ್ಲ್ಡ್’ ಎಂದು ಹೆಸರಾದ ಒಂದು ವರ್ಗವುಂಟು; ಕನ್ನಡದಲ್ಲಿ ಅದನ್ನು ಮುಕ್ತಲೋಕದ ಆಟವೆನ್ನಬಹುದು. ಮಿಕ್ಕ ಆಟಗಳಲ್ಲಿ ಆಟಗಾರನು ರಚನಾಕಾರನು ನಿಯಮಿಸಿದ ದಾರಿಯಲ್ಲಿಯೇ ಒಂದು ಘಟ್ಟದಿಂದ ಇನ್ನೊಂದು ಘಟ್ಟಕ್ಕೆ ಸಾಗತಕ್ಕದ್ದು. ಮುಕ್ತಲೋಕದ ಆಟದಲ್ಲಿಯಾದರೋ ಒಂದು ನಾಡೇ ಅವನ ಮುಂದೆ ಹರಡಿರುವುದು. ಬೆಟ್ಟ, ಹೊಳೆ, ಕಾಡು, ಊರು ಇವುಗಳಲ್ಲಿ ಯಾವುದನ್ನು ಮೊದಲು ಕಾಣಬೇಕು, ಯಾವುದನ್ನು ಕಾಣದೆಯೇ ಬಿಡಬಹುದು ಎಂಬುದು ಅವನ ಇಚ್ಛೆಗೆ ಸೇರಿದುದು. ಸ್ವಾತಂತ್ರ್ಯವೇ ಈ ವರ್ಗದ ಆಟಗಳ ಜೀವಾಳವೆಂದು ಅವುಗಳನ್ನು ರಚಿಸುವವರೂ ಮಾರುವವರೂ ಒಂದೇ ಕಂಠದಿಂದ ಹೇಳಿಕೊಂಡು ಬಂದಿರುವರು.

ಹೀಗಿರಲು, ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಈ ಆಟಗಳ ಮೇಲೆ ಒಂದು ದೂರು ಎದ್ದಿದೆ. ಅದು ಆಟಗಳನ್ನು ದ್ವೇಷಿಸುವವರ ದೂರಲ್ಲ. ಹಣ ಕೊಟ್ಟು ಕೊಂಡು, ರಾತ್ರಿಯ ನಿದ್ದೆಗೆಟ್ಟು ಆಡುವವರದೇ ದೂರು. ಆಟವು ಬೇಗ ಮುಗಿಯುವುದಿಲ್ಲ. ಮುಗಿಸಬೇಕೆಂಬ ಆಸೆಯೂ ಬಹುಕಾಲ ಉಳಿಯುವುದಿಲ್ಲ. ಮೊದಲನೆಯ ವಾರದ ಉತ್ಸಾಹವು ಮೂರನೆಯ ವಾರಕ್ಕೆ ಕಚೇರಿಯಲ್ಲಿ ಕಡತಗಳನ್ನು ವಿಲೇವಾರಿ ಮಾಡುವವನ ಆಯಾಸವಾಗಿ ಮಾರ್ಪಡುವುದು. ಸ್ವಾತಂತ್ರ್ಯವನ್ನು ಕೊಡುವೆನೆಂದ ಆಟವು ಕರ್ತವ್ಯಗಳ ಪಟ್ಟಿಯೊಂದನ್ನು ಕೈಗಿತ್ತಿತೆಂಬುದು ಆ ದೂರಿನ ಸಾರಾಂಶ.

ಇದನ್ನು ಉಂಡು ತೇಗಿದವರ ಅಜೀರ್ಣವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಕೃತಿಯು ಮನುಷ್ಯನ ಆಯುಸ್ಸಿನಲ್ಲಿ ಎಷ್ಟನ್ನು ಬೇಡುವುದು, ಬೇಡಿದುದಕ್ಕೆ ಪ್ರತಿಯಾಗಿ ಏನನ್ನು ಕೊಡುವುದು ಎಂಬುದು ವಿಮರ್ಶೆಯ ಮೂಲಪ್ರಶ್ನೆಗಳಲ್ಲಿ ಒಂದು. ನಾಟಕವು ಮೂರು ಗಂಟೆಗಳನ್ನು ಕೇಳುವುದು. ಕಾದಂಬರಿಯು ಒಂದು ವಾರದ ಸಂಜೆಗಳನ್ನು ಕೇಳುವುದು. ೨೦೨೦ರಲ್ಲಿ ಹೊರಬಂದ ‘ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲ’ ಎಂಬ ಆಟದ ಮುಖ್ಯ ಕಥೆಯೊಂದಕ್ಕೇ ಸುಮಾರು ೬೦ ಗಂಟೆಗಳು ಬೇಕು. ದುಡಿದು ಮನೆಗೆ ಬಂದು ದಿನಕ್ಕೊಂದು ಗಂಟೆಯ ಬಿಡುವನ್ನು ಹೇಗೋ ಉಳಿಸಿಕೊಳ್ಳುವ ಗೃಹಸ್ಥನಿಗೆ ಅದು ಎರಡು ತಿಂಗಳ ಬಿಡುವು. ಇಷ್ಟು ದೊಡ್ಡ ದಾನವನ್ನು ಸ್ವೀಕರಿಸುವ ಕೃತಿಯು ಬೇಸರವನ್ನು ಹಿಂದಿರುಗಿಸಿದರೆ, ಆ ಬೇಸರದ ಮೂಲವನ್ನು ಹುಡುಕಿ ನೋಡುವುದು ವಿಹಿತವೇ ಸರಿ. ಲೋಕವು ಅತಿಯಾಗಿ ದೊಡ್ಡದಾದುದೇ ಕಾರಣವೆಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಉತ್ತರವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಬೇಕಾಗಿದೆ.

೨

ಮುಕ್ತಲೋಕದ ಕಲ್ಪನೆಯು ಹೊಸದಲ್ಲ. ೧೯೮೪ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು ತರುಣರು ‘ಎಲೀಟ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ೮ ತಾರಾಮಂಡಲಗಳು; ಒಂದೊಂದರಲ್ಲಿಯೂ ೨೫೬ ಗ್ರಹಗಳು. ಅಂದಿನ ಗಣಕಯಂತ್ರದ ಕಿರಿದಾದ ಸ್ಮರಣೆಯಲ್ಲಿ ಇಷ್ಟನ್ನೆಲ್ಲ ಬರೆದಿಡುವುದು ಅಸಾಧ್ಯವಾಗಿದ್ದುದರಿಂದ ಗಣಿತಸೂತ್ರದ ಮೂಲಕ ಆ ಗ್ರಹಗಳನ್ನು ಹುಟ್ಟಿಸಲಾಗಿದ್ದಿತು. ಎರಡು ವರ್ಷಗಳ ತರುವಾಯ, ೧೯೮೬ರಲ್ಲಿ, ಜಪಾನಿನ ಶಿಗೆರು ಮಿಯಾಮೊಟೊ ಅವರ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಬಂದಿತು. ಕ್ಯೋಟೋ ಪ್ರಾಂತದ ಸೊನೊಬೆ ಎಂಬ ಊರಿನ ಸುತ್ತಣ ಗುಡ್ಡಕಾಡುಗಳಲ್ಲಿ ಬಾಲ್ಯದಲ್ಲಿ ಅಲೆಯುತ್ತಿದ್ದುದು, ಅಲ್ಲಿ ಗುಹೆಯೊಂದನ್ನು ಅಕಸ್ಮಾತ್ತಾಗಿ ಕಂಡುದು, ಇವೇ ಆ ಆಟಕ್ಕೆ ಬೀಜವಾದುವೆಂದು ಮಿಯಾಮೊಟೊ ಅವರು ಹೇಳಿಕೊಂಡಿರುವರು. ಹುಡುಗನೊಬ್ಬನು ಹೆಸರು ತಿಳಿಯದ ಗುಡ್ಡವನ್ನು ಹತ್ತಿ, ಆಚೆಗೇನಿದೆಯೋ ಎಂದು ಇಣಿಕಿ ನೋಡುವ ಸುಖವೇ ಈ ಕಲೆಯ ಮೂಲಧನ.

ವಿಸ್ತಾರಕ್ಕೂ ಈ ಸುಖಕ್ಕೂ ನೇರವಾದ ಸಂಬಂಧವಿಲ್ಲವೆಂಬುದು ಬೆಥೆಸ್ಡಾ ಎಂಬ ಅಮೆರಿಕದ ಸಂಸ್ಥೆಯ ಎರಡು ಆಟಗಳನ್ನು ಹೋಲಿಸಿದರೆ ತಿಳಿಯುವುದು. ೧೯೯೬ರ ‘ಡ್ಯಾಗರ್‌ಫಾಲ್’ ಗ್ರೇಟ್ ಬ್ರಿಟನ್ನಿನಷ್ಟು ವಿಶಾಲವಾದ ನಾಡೆಂದು ಪ್ರಸಿದ್ಧವಾಯಿತು. ಅದರಲ್ಲಿ ಸುಮಾರು ೧೫,೦೦೦ ಊರು, ಗುಡಿ, ಗುಹೆಗಳಿದ್ದುವು. ಬಹುಪಾಲು ಯಂತ್ರವೇ ಜೋಡಿಸಿದುವಾದುದರಿಂದ ಒಂದು ಊರನ್ನು ಕಂಡವನಿಗೆ ನೂರು ಊರುಗಳನ್ನು ಕಂಡಂತಾಗುತ್ತಿತ್ತು. ೨೦೦೨ರ ‘ಮೊರೊವಿಂಡ್’ ಇಪ್ಪತ್ತೈದು ಚದರ ಕಿಲೋಮೀಟರಿಗೂ ಮೀರದ ಒಂದು ದ್ವೀಪ. ಆದರೆ ಅಲ್ಲಿಯ ಒಂದೊಂದು ಕಣಿವೆಯನ್ನೂ ಕೈಯಿಂದ ರೂಪಿಸಲಾಗಿದ್ದಿತು. ಹೋಗಬೇಕಾದ ಸ್ಥಳವನ್ನು ಭೂಪಟವು ಗುರುತುಹಾಕಿ ತೋರಿಸುತ್ತಿರಲಿಲ್ಲ. ಊರಿನವರೊಬ್ಬರು ಹೊಳೆಯ ದಡ ಹಿಡಿದು ಹೋಗಿ ಸೇತುವೆಯ ಬಳಿ ತಿರುಗಬೇಕೆಂದೋ, ಎರಡು ಬಂಡೆಗಳ ನಡುವೆ ಬಾಗಿಲುಂಟೆಂದೋ ಹೇಳುವರು. ಆಟಗಾರನು ಅದನ್ನು ನೆನಪಿಟ್ಟು, ದಾರಿ ತಪ್ಪಿ, ಮತ್ತೆ ಕೇಳಿ, ಕೊನೆಗೆ ಆ ಬಾಗಿಲನ್ನು ಮುಟ್ಟುವನು. ಹಿರಿದಾದ ನಾಡು ಲೆಕ್ಕಕ್ಕೆ ನಿಂತಿತು. ಕಿರಿದಾದ ದ್ವೀಪವು ಆಡಿದವರ ಮನಸ್ಸಿನಲ್ಲಿ ನಿಂತಿತು.

ಇದರಿಂದ ಕುತೂಹಲದ ಸ್ವರೂಪವು ಸ್ವಲ್ಪಮಟ್ಟಿಗೆ ಸ್ಪಷ್ಟವಾಗುವುದು. ಕಂಡುದಕ್ಕೂ ಕಾಣದುದಕ್ಕೂ ನಡುವೆ ಇರುವ ಎಳೆತವೇ ಕುತೂಹಲ. ಏನೂ ಕಾಣದಿದ್ದರೆ ಅದು ಹುಟ್ಟುವುದಿಲ್ಲ; ಎಲ್ಲವೂ ಕಂಡರೆ ಉಳಿಯುವುದಿಲ್ಲ. ದೂರದಲ್ಲಿ ಏಳುವ ಹೊಗೆಯು ಅಲ್ಲಿ ಮನುಷ್ಯರಿರುವರೆಂದು ಸೂಚಿಸುವುದು. ಅವರು ಮಿತ್ರರೋ ಶತ್ರುಗಳೋ ಎಂಬುದನ್ನು ಹೇಳುವುದಿಲ್ಲ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಹೊಗೆಯು ಧ್ವನಿ. ‘ಇಲ್ಲಿ ಶತ್ರುಗಳ ಪಾಳೆಯ, ಆರು ಮಂದಿ ಕಾವಲುಗಾರರು’ ಎಂದು ಭೂಪಟದಲ್ಲಿ ಒತ್ತಿದ ಮುದ್ರೆಯು ವಾಚ್ಯ. ಧ್ವನಿಯು ಸಹೃದಯನನ್ನು ಕರೆಯುವುದು. ವಾಚ್ಯವು ಅವನಿಗೆ ಕೆಲಸವನ್ನು ಒಪ್ಪಿಸುವುದು.

೩

ಧ್ವನಿಯಿಂದ ವಾಚ್ಯಕ್ಕೆ ಈ ಕಲೆಯು ಹೊರಳಿದುದು ಒಂದೇ ದಿನದಲ್ಲಲ್ಲ. ೨೦೦೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ‘ಎಕ್ಸ್‌ಬಾಕ್ಸ್ ೩೬೦’ ಯಂತ್ರದೊಡನೆ ‘ಅಚೀವ್‌ಮೆಂಟ್’ ಎಂಬ ಸಾಧನೆಯ ಗಣನೆಯನ್ನು ಜಾರಿಗೆ ತಂದಿತು. ಯಾವ ಆಟದಲ್ಲಿ ಯಾರು ಏನೇನನ್ನು ಪೂರೈಸಿರುವರೆಂಬುದಕ್ಕೆ ಅಂಕಗಳು ದೊರೆಯತೊಡಗಿದುವು. ಸೋನಿ ಸಂಸ್ಥೆಯೂ ೨೦೦೮ರಲ್ಲಿ ಇಂಥದೇ ಪದ್ಧತಿಯನ್ನು ಅನುಸರಿಸಿತು. ನಡುವೆ, ೨೦೦೭ರಲ್ಲಿ, ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯಿಂದ ಮೊದಲನೆಯ ‘ಅಸ್ಯಾಸಿನ್ಸ್ ಕ್ರೀಡ್’ ಬಂದಿತು. ಮೂರನೆಯ ಧರ್ಮಯುದ್ಧದ ಕಾಲದ ಡಮಾಸ್ಕಸ್, ಜೆರೂಸಲೇಮ್, ಏಕರ್ ನಗರಗಳನ್ನು ಚಿತ್ರಿಸಿದ ಆ ಆಟದಲ್ಲಿ ಎತ್ತರವಾದ ಗೋಪುರವನ್ನು ಹತ್ತಿ ನಿಂತರೆ ಸುತ್ತಣ ಪ್ರದೇಶದ ವಿವರಗಳು ಭೂಪಟದಲ್ಲಿ ಮೂಡುತ್ತಿದ್ದುವು. ಜತೆಗೆ, ಆಯ್ದುಕೊಳ್ಳಲೆಂದು ೪೨೦ ಬಾವುಟಗಳನ್ನು ಅಲ್ಲಲ್ಲಿ ನೆಡಲಾಗಿದ್ದಿತು. ಅವನ್ನೆಲ್ಲ ಆಯ್ದವನಿಗೆ ಆಟದೊಳಗೆ ಯಾವ ಪ್ರಯೋಜನವೂ ಇರಲಿಲ್ಲ. ಆ ತಂಡದಲ್ಲಿದ್ದ ರಚನಾಕಾರರೊಬ್ಬರು ೨೦೨೦ರಲ್ಲಿ ಹೇಳಿದ ಪ್ರಕಾರ, ಆಟವು ಸಿದ್ಧವಾಗಿ ಹೊರಡುವ ಸಮಯದಲ್ಲಿ ಸಂಸ್ಥೆಯ ಮುಖ್ಯಾಧಿಕಾರಿಯ ಮನೆಯ ಮಗುವೊಂದು ಅದನ್ನು ಆಡಿ, ಮಾಡಲು ಏನೂ ಇಲ್ಲವೆಂದು ಬೇಸರಪಟ್ಟಿತಂತೆ. ಇಂಥ ಉಪಕಾರ್ಯಗಳನ್ನೆಲ್ಲ ಕೇವಲ ಐದು ದಿನಗಳಲ್ಲಿ ಸೇರಿಸಬೇಕಾಯಿತಂತೆ.

ಒಂದು ಬೇಸರವನ್ನು ಮುಚ್ಚಲು ಹೂಡಿದ ಉಪಾಯವೇ ಮುಂದಿನ ದೊಡ್ಡ ಬೇಸರಕ್ಕೆ ತಳಹದಿಯಾಯಿತು. ಅದೇ ಸಂಸ್ಥೆಯ ‘ಫಾರ್ ಕ್ರೈ ೩’ ೨೦೧೨ರಲ್ಲಿ ಬಂದಾಗ ಈ ವಿಧಾನವು ಪಕ್ವವಾಗಿದ್ದಿತು. ಅದರ ದ್ವೀಪಗಳಲ್ಲಿ ೧೮ ರೇಡಿಯೋ ಗೋಪುರಗಳು; ವಶಪಡಿಸಿಕೊಳ್ಳಬೇಕಾದ ಕಾವಲುಠಾಣೆಗಳು ೩೪. ಒಂದು ಗೋಪುರವನ್ನು ಹತ್ತಿದೊಡನೆ ಆ ಭಾಗದ ಮಬ್ಬು ಹರಿದು ಭೂಪಟದ ಮೇಲೆ ಗುರುತುಗಳ ಮಳೆ ಸುರಿಯುವುದು: ಇಲ್ಲಿ ಪೆಟ್ಟಿಗೆ, ಅಲ್ಲಿ ಬೇಟೆ, ಆಚೆ ಪಂದ್ಯ. ಆ ಆಟವು ನ್ಯಾಯವಾಗಿಯೇ ಮೆಚ್ಚುಗೆ ಪಡೆಯಿತು. ಠಾಣೆಗಳನ್ನು ಹಿಡಿಯುವುದರಲ್ಲಿ ಆಟಗಾರನ ಜಾಣತನಕ್ಕೆ ನಿಜವಾದ ಅವಕಾಶವಿದ್ದಿತು. ಆದರೆ ಗೆದ್ದ ಪದ್ಧತಿಯನ್ನು ಎಲ್ಲರೂ ನಕಲುಮಾಡಿದರು. ಮುಂದಿನ ವರ್ಷಗಳಲ್ಲಿ ಸಮುದ್ರವಿರಲಿ, ಮರುಭೂಮಿಯಿರಲಿ, ಮಹಾನಗರವಿರಲಿ, ಹತ್ತುವ ಗೋಪುರವೂ ಸುರಿಯುವ ಗುರುತುಗಳೂ ತಪ್ಪಲಿಲ್ಲ.

ಈ ಗುರುತುಗಳಿಂದ ಆಗುವ ಹಾನಿಯು ಸೂಕ್ಷ್ಮವಾದುದು. ಗುಡ್ಡದ ಆಚೆ ಏನಿದೆಯೆಂಬುದು ಹತ್ತುವ ಮೊದಲೇ ತಿಳಿದುಹೋದರೆ ಉಳಿಯುವುದು ಹತ್ತುವ ಶ್ರಮವೊಂದೇ. ‘ಅಲ್ಲಿ ಏನಿರಬಹುದು?’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಇನ್ನೆಷ್ಟು ಉಳಿದಿವೆ?’ ಎಂಬ ಪ್ರಶ್ನೆಯು ಬಂದು ಕುಳಿತುಕೊಳ್ಳುವುದು. ಮೊದಲನೆಯದು ಯಾತ್ರಿಕನ ಪ್ರಶ್ನೆ. ಎರಡನೆಯದು ಗುಮಾಸ್ತನ ಪ್ರಶ್ನೆ. ಆಟಗಾರನು ನಾಡನ್ನು ನೋಡುವುದನ್ನು ಬಿಟ್ಟು ಪರದೆಯ ಮೂಲೆಯಲ್ಲಿರುವ ಪುಟ್ಟ ಭೂಪಟವನ್ನೇ ನೋಡುತ್ತ ಕುದುರೆಯನ್ನೋಡಿಸುವನು. ನೂರಾರು ಚಿತ್ರಕಾರರು ವರ್ಷಗಟ್ಟಲೆ ದುಡಿದು ಮೂಡಿಸಿದ ಸಂಜೆಯ ಬೆಳಕೂ ಗಾಳಿಗೆ ಬಾಗುವ ಹುಲ್ಲೂ ಅವನ ಕಣ್ಣಿಗೆ ಬೀಳದೆ ಹೋಗುವುವು. ಅವನಿಗೆ ತಟ್ಟುವ ಬೇಸರದಲ್ಲಿ ಅರ್ಧವು ಈ ಕುರುಡಿನಿಂದ ಬಂದುದು.

ಕನ್ನಡದ ವಾಚಕರಿಗೆ ಈ ಸ್ಥಿತಿಯು ಅಪರಿಚಿತವಲ್ಲ. ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ವನವಿಹಾರ, ಜಲಕ್ರೀಡೆ ಮೊದಲಾದ ಅಷ್ಟಾದಶವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದರು. ಪಂಪನಂಥ ಮಹಾಕವಿಯ ಕೈಯಲ್ಲಿ ವರ್ಣನೆಯು ಕಥೆಯ ಒಡಲಿನಿಂದಲೇ ಹೊಮ್ಮಿ ಅದಕ್ಕೆ ಪುಷ್ಟಿಯನ್ನು ಕೊಟ್ಟಿತು. ಹಿಂಬಾಲಿಸಿದ ಅಲ್ಪಕವಿಗಳಾದರೋ ಲಕ್ಷಣದ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಕಥೆಗೆ ಬೇಕಿರಲಿ ಬೇಡವಿರಲಿ, ಹದಿನೆಂಟನ್ನೂ ಎಣಿಸಿ ತುಂಬಿದರು. ಚಂದ್ರನು ಉದಯಿಸಬೇಕಾದುದರಿಂದ ಉದಯಿಸಿದನು. ನಾಯಕನು ಜಲಕ್ರೀಡೆಯಾಡಬೇಕಾದುದರಿಂದ ಕೊಳಕ್ಕಿಳಿದನು. ಓದುಗನು ಪುಟಗಳನ್ನು ಮಗುಚಿದನು. ವರ್ಣನೆಯ ಸಂಖ್ಯೆಯು ಹೆಚ್ಚಾದುದು ದೋಷವಲ್ಲ. ಅವುಗಳು ಇರಬೇಕಾದ ಕಾರಣವು ಕಾವ್ಯದ ಒಳಗಿರದೆ ಪಟ್ಟಿಯಲ್ಲಿದ್ದುದು ದೋಷ. ಕ್ಷೇಮೇಂದ್ರನು ಔಚಿತ್ಯವೆಂಬ ಒಂದೇ ಒರೆಗಲ್ಲಿನಿಂದ ಕಾವ್ಯಗಳನ್ನು ಪರೀಕ್ಷಿಸಿದನು. ಮುಕ್ತಲೋಕದ ಆಟಗಳಿಗೂ ಆ ಒರೆಗಲ್ಲೇ ಸಾಲುವಂತೆ ತೋರುವುದು.

೪

ಲೋಕದ ಗಾತ್ರವೇ ಬೇಸರಕ್ಕೆ ಕಾರಣವೆನ್ನುವವರು ಎರಡು ದೃಷ್ಟಾಂತಗಳನ್ನು ತೋರಿಸಬಹುದು. ೨೦೧೬ರಲ್ಲಿ ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯು ಹೊರತಂದ ‘ನೋ ಮ್ಯಾನ್ಸ್ ಸ್ಕೈ’ ಆಟದಲ್ಲಿ, ಹದಿನೆಂಟರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟರೆ ಎಷ್ಟಾಗುವುದೋ ಅಷ್ಟು ಗ್ರಹಗಳು. ೨೦೨೩ರಲ್ಲಿ ಬಂದ ಬೆಥೆಸ್ಡಾ ಸಂಸ್ಥೆಯ ‘ಸ್ಟಾರ್‌ಫೀಲ್ಡ್’ ಆಟದಲ್ಲಿ ೧,೦೦೦ಕ್ಕೂ ಹೆಚ್ಚು. ಎರಡರಲ್ಲಿಯೂ ಆಟಗಾರರು ಬರಿದಾದ ನೆಲವನ್ನು ತುಳಿದು ದಣಿದರೆಂಬುದು ನಿಜ. ಆದರೆ ‘ನೋ ಮ್ಯಾನ್ಸ್ ಸ್ಕೈ’ ಆಟವು ಮುಂದಿನ ವರ್ಷಗಳಲ್ಲಿ ಬೆಲೆಯಿಲ್ಲದೆ ಹಂಚಿದ ಪರಿಷ್ಕರಣಗಳಿಂದ ಅನೇಕರ ವಿಶ್ವಾಸವನ್ನು ಮತ್ತೆ ಗಳಿಸಿತು. ಆ ಅವಧಿಯಲ್ಲಿ ಅದರ ವಿಶ್ವವು ಕುಗ್ಗಲಿಲ್ಲ. ಅಲ್ಲಿ ಮಾಡುವ ಕೆಲಸಕ್ಕೆ ಅರ್ಥ ಬಂದಿತು, ಜತೆಗಾರರು ದೊರೆತರು, ಮನೆ ಕಟ್ಟಿಕೊಳ್ಳುವ ಅವಕಾಶ ಬಂದಿತು. ಗಾತ್ರವೇ ರೋಗವಾಗಿದ್ದರೆ ಈ ಚಿಕಿತ್ಸೆಯು ಫಲಿಸುತ್ತಿರಲಿಲ್ಲ.

ಇನ್ನೂ ಬಲವಾದ ಸಾಕ್ಷ್ಯವು ಒಂದೇ ಆಟದೊಳಗೆ ದೊರೆಯುವುದು. ಪೋಲೆಂಡಿನ ಲೇಖಕ ಆಂಜೆಯ್ ಸಾಪ್ಕೋವ್‌ಸ್ಕಿಯವರ ಕಥಾಲೋಕವನ್ನು ಆಧರಿಸಿ ೨೦೧೫ರಲ್ಲಿ ಬಂದ ‘ದಿ ವಿಚರ್ ೩’ ಆಟದಲ್ಲಿ, ಕುಡುಕನಾದ ಸೇನಾಧಿಪತಿಯೊಬ್ಬನು ತನ್ನ ಹೆಂಡತಿ ಮಗಳನ್ನು ಕಳೆದುಕೊಂಡ ಕಥೆಯುಂಟು. ಅದು ದೀರ್ಘವಾದುದು, ನಾಯಕನು ಅವನ ಮನೆಯಿಂದ ಜೌಗುಭೂಮಿಗೂ ಅಲ್ಲಿಂದ ಮತ್ತೆ ಮನೆಗೂ ಅಲೆಯಬೇಕು. ಯಾರಿಗೂ ಅದು ಬೇಸರವೆನಿಸಿದುದು ಕೇಳಿಲ್ಲ. ಕೆಡುಕನೆಂದು ತೋರಿದವನ ದುಃಖವು ಮನಸ್ಸನ್ನು ಕಲಕುವುದು. ಅದೇ ಆಟದ ಸ್ಕೆಲ್ಲಿಗೆ ದ್ವೀಪಗಳ ಸುತ್ತಣ ಕಡಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ರಾಶಿಯಾಗಿ ತೇಲುತ್ತಿರುವುವು. ದೋಣಿಯಲ್ಲಿ ಒಂದೊಂದರ ಬಳಿಗೂ ಹೋದರೆ ಬಹುಪಾಲು ದೊರೆಯುವುದು ಕಳ್ಳಸಾಗಣೆಯವರು ಬಚ್ಚಿಟ್ಟ ಪೀಪಾಯಿ. ಆಟವೂ ಒಂದೇ, ನಾಯಕನೂ ಒಬ್ಬನೇ, ಆಡುವವನೂ ಒಬ್ಬನೇ. ಒಂದೆಡೆ ರಸ, ಇನ್ನೊಂದೆಡೆ ದಣಿವು. ಆದುದರಿಂದ ದಣಿವಿನ ಮೂಲವು ಹರಹಿನಲ್ಲಿಲ್ಲ, ಕಾಲದ ದೀರ್ಘತೆಯಲ್ಲಿಯೂ ಇಲ್ಲ. ಒಂದೇ ಕೆಲಸವನ್ನು ಬೇರೆ ಬೇರೆ ಸ್ಥಳಗಳಲ್ಲಿ ಮತ್ತೆ ಮತ್ತೆ ಮಾಡಿಸುವ, ಮಾಡುವ ಮೊದಲೇ ಎಣಿಸಿ ತೋರಿಸುವ ಪದ್ಧತಿಯಲ್ಲಿದೆ.

ಬೇಡವಾದವನು ಬಿಡಬಹುದಲ್ಲವೆ, ಎಲ್ಲವನ್ನೂ ಮಾಡೆಂದು ಬಲವಂತಪಡಿಸಿದವರಾರು ಎಂದು ಇನ್ನೊಂದು ಆಕ್ಷೇಪವುಂಟು. ದಿನವೆಲ್ಲ ತಲೆ ಕೆಡಿಸಿಕೊಂಡು ದುಡಿದವನಿಗೆ ಯೋಚನೆಯಿಲ್ಲದ ಚಿಕ್ಕ ಕೆಲಸಗಳಿಂದ ನೆಮ್ಮದಿ ದೊರೆಯುವುದೂ ಉಂಟು. ಮಾತಾಡುತ್ತ ಅಕ್ಕಿ ಆರಿಸುವುದರಲ್ಲಿ, ಹೂಕಟ್ಟುವುದರಲ್ಲಿ ಇರುವಂಥ ನೆಮ್ಮದಿ ಅದು. ಅದನ್ನು ಹಳಿಯುವುದು ಸಲ್ಲದು. ಇಂಥ ಆಟಗಳನ್ನು ಕೊಳ್ಳುವವರಲ್ಲಿ ಅನೇಕರು ಅದಕ್ಕಾಗಿಯೇ ಕೊಳ್ಳುವರು. ಆದರೆ ಬಿಡುವ ಸ್ವಾತಂತ್ರ್ಯವು ಎಲ್ಲ ಆಟಗಳಲ್ಲಿಯೂ ನಿಜವಾದುದಲ್ಲ. ೨೦೧೮ರ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಆಟದಲ್ಲಿ ಪ್ರಾಚೀನ ಗ್ರೀಸಿನ ಒಂದೊಂದು ಪ್ರದೇಶಕ್ಕೂ ಒಂದೊಂದು ಅಂತಸ್ತನ್ನು ಕಟ್ಟಲಾಗಿದೆ. ಆಟಗಾರನ ಅಂತಸ್ತು ಅದಕ್ಕಿಂತ ಬಹಳ ಕೆಳಗಿದ್ದರೆ ಎದುರಾಳಿಯನ್ನು ಗೆಲ್ಲುವುದು ಅಸಾಧ್ಯಪ್ರಾಯ. ಆದಕಾರಣ ಮುಖ್ಯ ಕಥೆಯನ್ನು ಮುಂದುವರಿಸಬೇಕಾದವನು ನಡುವೆ ನಿಂತು ಉಪಕಾರ್ಯಗಳನ್ನು ಮಾಡಿ ಅನುಭವಾಂಕಗಳನ್ನು ಕೂಡಿಹಾಕಬೇಕು. ಈ ಸಂಗ್ರಹವು ಬೇಗನೆ ಆಗಬೇಕೆಂದರೆ, ಅಂಕಗಳನ್ನು ಶೇಕಡ ೫೦ರಷ್ಟು ಹೆಚ್ಚಿಸುವ ಸೌಲಭ್ಯವನ್ನು ಪ್ರತ್ಯೇಕ ಹಣ ತೆತ್ತು ಕೊಳ್ಳಬಹುದು. ಆಟವನ್ನು ಮಾರಿದವರೇ, ಆ ಆಟದ ಒಂದು ಭಾಗವನ್ನು ಆಡದೆ ತಪ್ಪಿಸಿಕೊಳ್ಳುವುದಕ್ಕೂ ಬೆಲೆ ಕಟ್ಟಿರುವರು. ಆ ಭಾಗವು ಸುಖಕ್ಕಾಗಿ ಇಟ್ಟುದಾಗಿದ್ದರೆ ಅದನ್ನು ಕಳೆದುಕೊಳ್ಳಲು ಯಾರು ತಾನೆ ಹಣ ಕೊಟ್ಟಾರು? ಅದು ಬೇಸರವೆಂಬುದಕ್ಕೆ ಬೆಲೆಪಟ್ಟಿಯೇ ಸಾಕ್ಷಿ.

೫

ಹೀಗೆ ತುಂಬಿಸುವುದಕ್ಕೆ ವ್ಯಾಪಾರದ ಕಾರಣವೂ ಉಂಟು. ಬೆಲೆ ದುಬಾರಿಯಾದಾಗ ಕೊಳ್ಳುವವನು ಎಷ್ಟು ಗಂಟೆಗಳ ಆಟವೆಂದು ಕೇಳುವನು. ಮಾರುವವನು ಗಂಟೆಗಳನ್ನೇ ಹೊಗಳುವನು. ೨೦೨೨ರ ಜನವರಿಯಲ್ಲಿ ಪೋಲೆಂಡಿನ ಟೆಕ್‌ಲ್ಯಾಂಡ್ ಸಂಸ್ಥೆಯು, ತನ್ನ ‘ಡೈಯಿಂಗ್ ಲೈಟ್ ೨’ ಆಟವನ್ನು ಪೂರ್ಣವಾಗಿ ಮುಗಿಸಲು ೫೦೦ ಗಂಟೆಗಳು ಬೇಕೆಂದೂ, ಅದು ವಾರ್ಸಾದಿಂದ ಮ್ಯಾಡ್ರಿಡ್‌ವರೆಗೆ ನಡೆದುಹೋಗಲು ಹಿಡಿಯುವ ಕಾಲಕ್ಕೆ ಸಮೀಪವೆಂದೂ ಸಾರಿತು. ಹತ್ತು ವರ್ಷ ಮೊದಲು ಇಂಥ ಮಾತಿಗೆ ಜಯಕಾರ ದೊರೆಯುತ್ತಿತ್ತೋ ಏನೋ. ಈ ಸಲ ಅನೇಕರು ಗಾಬರಿಯಾದರು, ಕೆಲವರು ಆಟವನ್ನೇ ಕೊಳ್ಳುವುದಿಲ್ಲವೆಂದರು. ಮುಖ್ಯ ಕಥೆಗೆ ಸುಮಾರು ೨೦ ಗಂಟೆಗಳು, ಉಪಕಥೆಗಳೊಡನೆ ಸುಮಾರು ೮೦ ಗಂಟೆಗಳು ಸಾಕೆಂದು ಸಂಸ್ಥೆಯು ಸಮಾಧಾನ ಹೇಳಬೇಕಾಯಿತು. ಹೊಗಳಿಕೆಯೆಂದು ಆಡಿದ ಮಾತು ಬೆದರಿಕೆಯಾಗಿ ಕೇಳಿಸಿತೆಂಬುದರಿಂದ ಕಾಲವು ತಿರುಗಿದುದು ಗೊತ್ತಾಗುವುದು.

ಈ ವಿಸ್ತಾರದ ಬೆಲೆಯನ್ನು ತೆರುವವರು ಆಡುವವರು ಮಾತ್ರವಲ್ಲ, ಕಟ್ಟುವವರೂ ಹೌದು. ‘ರೆಡ್ ಡೆಡ್ ರಿಡೆಂಪ್ಷನ್ ೨’ ಆಟದ ಪ್ರಮುಖ ಲೇಖಕರಲ್ಲೊಬ್ಬರು ೨೦೧೮ರಲ್ಲಿ ವಾರಕ್ಕೆ ೧೦೦ ಗಂಟೆಗಳ ದುಡಿಮೆಯ ಮಾತನ್ನಾಡಿ, ಅದು ಹಿರಿಯ ಲೇಖಕರ ಚಿಕ್ಕ ತಂಡಕ್ಕೆ ಮಾತ್ರ ಅನ್ವಯಿಸುವುದೆಂದು ಬಳಿಕ ವಿವರಿಸಬೇಕಾಯಿತು. ಆ ಆಟವನ್ನು ಕಟ್ಟುವುದರಲ್ಲಿ ಜಗತ್ತಿನ ಹಲವು ನಗರಗಳ ಶಾಖೆಗಳು ಭಾಗಿಗಳಾಗಿದ್ದುವು. ಬೆಂಗಳೂರಿನ ಶಾಖೆಯೂ ಅವುಗಳಲ್ಲೊಂದು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಹೊರದೇಶದ ಆಟಗಳಿಗೆ ವಾಹನ ಕಟ್ಟಡಾದಿಗಳ ರೂಪಗಳನ್ನು ತಯಾರಿಸಿ ಕೊಡುತ್ತಿದ್ದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ೨೦೧೯ರಲ್ಲಿ ಆ ಶಾಖೆಗೆ ಸೇರಿಸಿಕೊಳ್ಳಲಾಯಿತು. ಕನ್ನಡನಾಡಿನ ತರುಣರ ಕಣ್ಣೂ ಕೈಯೂ ಈ ಉದ್ಯೋಗದಲ್ಲಿ ತೊಡಗಿರುವುದರಿಂದ, ಯಾರೂ ನಿಂತು ನೋಡದ ಕಲ್ಲುಮರಗಳಿಗಾಗಿ ದುಡಿಯುವುದೇ ಎಂಬ ಪ್ರಶ್ನೆಯು ಇಲ್ಲಿಗೂ ಸೇರಿದುದು. ಸೋನಿ ಸಂಸ್ಥೆಯ ಆಟಗಳ ವಿಭಾಗದಲ್ಲಿ ಬಹುಕಾಲ ಮುಖ್ಯರಾಗಿದ್ದ ಶಾನ್ ಲೇಡನ್ ಅವರು ೨೦೨೦ರಲ್ಲಿ, ದೊಡ್ಡ ಆಟವೊಂದಕ್ಕೆ ೮ ಕೋಟಿಯಿಂದ ೧೫ ಕೋಟಿ ಡಾಲರುಗಳವರೆಗೆ ವೆಚ್ಚವಾಗುವುದೆಂದೂ, ಹನ್ನೆರಡು ಹದಿನೈದು ಗಂಟೆಗಳ ಆಟಗಳಿಗೆ ಮರಳುವುದು ಒಳಿತೆಂದೂ ಅಭಿಪ್ರಾಯಪಟ್ಟರು.

೬

ಹಾಗಾದರೆ ಮುಕ್ತಲೋಕವನ್ನೇ ಕೈಬಿಡಬೇಕೆ? ಕೆಲವರು ಆ ದಾರಿಯನ್ನು ಹಿಡಿದಿರುವರು. ೨೦೧೬ರ ‘ಮಾಫಿಯಾ ೩’ ಆಟದಲ್ಲಿ ಬಡಾವಣೆಯಿಂದ ಬಡಾವಣೆಗೆ ಒಂದೇ ಬಗೆಯ ದಂಧೆಗಳನ್ನು ಮುರಿಯುವ ಕೆಲಸವು ಒಳ್ಳೆಯ ಕಥೆಯೊಂದನ್ನು ಹೂತುಹಾಕಿದುದರಿಂದಲೋ ಏನೋ, ಅದೇ ಮಾಲೆಯಲ್ಲಿ ೨೦೨೫ರಲ್ಲಿ ಬಂದ ‘ದಿ ಓಲ್ಡ್ ಕಂಟ್ರಿ’ ಸಿಸಿಲಿಯ ಕಥೆಯನ್ನು ನೇರವಾದ ದಾರಿಯಲ್ಲಿಯೇ ನಡೆಸಿತು. ೨೦೨೩ರ ‘ಅಸ್ಯಾಸಿನ್ಸ್ ಕ್ರೀಡ್ ಮಿರಾಜ್’ ಒಂಬತ್ತನೆಯ ಶತಮಾನದ ಬಾಗ್ದಾದ್ ನಗರವೊಂದಕ್ಕೇ ಬಹುಮಟ್ಟಿಗೆ ತನ್ನನ್ನು ಸೀಮಿತಗೊಳಿಸಿಕೊಂಡಿತು. ಇವು ವಿವೇಕದ ಕಾರ್ಯಗಳೇ. ಆದರೂ ರೋಗಕ್ಕೆ ಹೆದರಿ ಅಂಗವನ್ನೇ ಕಡಿಯುವುದು ಎಲ್ಲರಿಗೂ ಒಪ್ಪತಕ್ಕ ಚಿಕಿತ್ಸೆಯಲ್ಲ. ಗುಡ್ಡದ ಆಚೆಗೆ ಇಣಿಕಿ ನೋಡುವ ಸುಖವನ್ನು ಈ ಮಟ್ಟಿಗೆ ಕೊಡಬಲ್ಲ ಕಲೆ ಇನ್ನೊಂದಿಲ್ಲ.

ಆ ಸುಖವನ್ನು ಉಳಿಸಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ೨೦೧೭ರ ‘ಬ್ರೆತ್ ಆಫ್ ದಿ ವೈಲ್ಡ್’ ಆಟದ ರಚನಾಕಾರರು ನೆಲವನ್ನು ತ್ರಿಕೋನಗಳ ಲೆಕ್ಕದಲ್ಲಿ ರೂಪಿಸಿದರೆಂದು ತಾವೇ ವಿವರಿಸಿರುವರು. ಗುಡ್ಡವು ತ್ರಿಕೋನಾಕಾರವಾಗಿದ್ದರೆ ಅದರ ಹಿಂದಣ ವಸ್ತುವು ಮೊದಲು ಮರೆಯಾಗಿದ್ದು, ನಡೆದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಳ್ಳುವುದು; ಹತ್ತಬೇಕೆ, ಬಳಸಿ ಹೋಗಬೇಕೆ ಎಂಬ ಆಯ್ಕೆಯೂ ಹುಟ್ಟುವುದು. ಗೋಪುರಗಳು ಅಲ್ಲಿಯೂ ಇವೆ. ಆದರೆ ಮೇಲೆ ನಿಂತಾಗ ಗುರುತುಗಳು ಸುರಿಯುವುದಿಲ್ಲ. ಕಣ್ಣಿಗೆ ಕಂಡುದನ್ನು ಆಟಗಾರನೇ ಗುರುತುಮಾಡಿಕೊಳ್ಳಬೇಕು. ನಾಡಿನಲ್ಲಿ ೯೦೦ ಬೀಜಗಳನ್ನು ಅಡಗಿಸಿಟ್ಟಿದ್ದರೂ ಅವುಗಳಲ್ಲಿ ಅರ್ಧದಷ್ಟು ದೊರೆತರೆ ಪ್ರಯೋಜನವೆಲ್ಲವೂ ಸಿದ್ಧಿಸುವುದು; ಎಲ್ಲವನ್ನೂ ಆಯ್ದ ಹಟಮಾರಿಗೆ ದೊರೆಯುವುದು ನಗೆಪಾಟಲಿನ ಒಂದು ಉಡುಗೊರೆ ಮಾತ್ರ. ಎಲ್ಲವನ್ನೂ ಕೂಡಿಹಾಕುವುದು ಆಟದ ಉದ್ದೇಶವಲ್ಲವೆಂಬ ಸೂಚನೆಯನ್ನು ಅಲ್ಲಿ ಕಾಣಬಹುದು.

೨೦೨೦ರ ‘ಘೋಸ್ಟ್ ಆಫ್ ತ್ಸುಶಿಮಾ’ ಆಟದಲ್ಲಿ ಬಾಣದ ಗುರುತಿಗೆ ಬದಲಾಗಿ ಗಾಳಿಯು ಬೀಸಿ ದಾರಿ ತೋರುವುದು. ಹುಲ್ಲು ಬಾಗಿದ ಕಡೆಗೆ ಕುದುರೆಯನ್ನು ತಿರುಗಿಸಿದರಾಯಿತು. ಕಣ್ಣು ಮೂಲೆಯ ಭೂಪಟದಿಂದ ಬಿಡುಗಡೆ ಹೊಂದಿ ನಾಡಿನ ಮೇಲೆಯೇ ನಿಲ್ಲುವುದು. ೨೦೨೨ರ ಫೆಬ್ರವರಿಯಲ್ಲಿ ಬಂದ, ಹಿಡೆಟಾಕ ಮಿಯಾಝಾಕಿಯವರ ‘ಎಲ್ಡನ್ ರಿಂಗ್’ ಕರ್ತವ್ಯಗಳ ಪಟ್ಟಿಯನ್ನೇ ಕೊಡಲಿಲ್ಲ. ದೂರದಲ್ಲಿ ಹೊಳೆಯುವ ಮಹಾವೃಕ್ಷವೊಂದು, ಅಲ್ಲಲ್ಲಿ ಒಂದು 희ಣ ಬೆಳಕಿನ ಎಳೆ, ಇಷ್ಟೇ ಮಾರ್ಗದರ್ಶನ. ಕಷ್ಟವಾದ ಈ ಆಟವು ಮೂರು ವಾರಗಳೊಳಗೆ ೧ ಕೋಟಿ ೨೦ ಲಕ್ಷ ಪ್ರತಿಗಳಿಗೂ ಹೆಚ್ಚಾಗಿ ಹೋಯಿತೆಂದರೆ, ದಣಿದ ಆಟಗಾರರು ದೊಡ್ಡ ಲೋಕವನ್ನು ಬೇಡವೆನ್ನಲಿಲ್ಲವೆಂಬುದು ಸಿದ್ಧವಾಗುವುದು. ಇವೂ ನಿರ್ದುಷ್ಟವಾದುವಲ್ಲ. ತ್ಸುಶಿಮಾದಲ್ಲಿ ನರಿಯ ಹಿಂದೆ ಗುಡಿಯವರೆಗೆ ಓಡುವುದು ಮೊದಲ ಸಲ ರಮ್ಯ. ನಲವತ್ತನೆಯ ಸಲ ಅದೂ ಪಟ್ಟಿಯ ಒಂದು ಸಾಲೇ. ‘ಎಲ್ಡನ್ ರಿಂಗ್’ ಆಟದ ನೆಲಮಾಳಿಗೆಯ ಸಮಾಧಿಗಳು ಒಂದರಂತೆ ಒಂದಿದ್ದು, ಕೊಂದ ರಾಕ್ಷಸನೇ ಬೇರೆಡೆ ಮತ್ತೆ ಎದುರಾಗುವನು. ಮರುಕಳಿಸಿದೆಡೆಯಲ್ಲಿ ದಣಿವೂ ಮರುಕಳಿಸುವುದು; ಮೇಲೆ ಹೇಳಿದ ನಿಯಮಕ್ಕೆ ಒಳ್ಳೆಯ ಕೃತಿಗಳೂ ಹೊರತಲ್ಲ.

ಕಿರಿದರಲ್ಲಿ ಹಿರಿದನ್ನು ಸಾಧಿಸಿದ ಆಟಗಳೂ ೨೦೧೯ರಲ್ಲಿ ಎರಡು ಬಂದುವು. ‘ಎ ಶಾರ್ಟ್ ಹೈಕ್’ ಎಂಬುದು ಒಂದು ಬೆಟ್ಟವನ್ನು ಹತ್ತುವ, ಒಂದು ಸಂಜೆಯಲ್ಲಿ ಮುಗಿಯುವ ಆಟ. ದಾರಿಯಲ್ಲಿ ಯಾರನ್ನು ಮಾತಾಡಿಸಿದರೂ ಸರಿ, ಬಿಟ್ಟರೂ ಸರಿ. ‘ಔಟರ್ ವೈಲ್ಡ್ಸ್’ ಎಂಬುದು ಪುಟ್ಟದಾದ ಒಂದು ಸೌರಮಂಡಲ. ಇಪ್ಪತ್ತೆರಡು ನಿಮಿಷಗಳಿಗೊಮ್ಮೆ ಅದರ ಸೂರ್ಯನು ಸಿಡಿದು, ಎಲ್ಲವೂ ಮೊದಲಿನಿಂದ ಆರಂಭವಾಗುವುದು. ಆಟಗಾರನಿಗೆ ಅಂಕವಿಲ್ಲ, ಅಂತಸ್ತಿಲ್ಲ, ಆಯುಧವಿಲ್ಲ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಉಳಿಯುವುದು ಅವನು ಅರಿತುಕೊಂಡುದು ಮಾತ್ರ. ಪಟ್ಟಿಯನ್ನು ಪೂರೈಸುವ ಆಸೆಯಿಂದಲ್ಲ, ತಿಳಿಯಬೇಕೆಂಬ ತವಕದಿಂದ ಅವನು ಮತ್ತೆ ಮತ್ತೆ ಹೊರಡುವನು.

ಆದುದರಿಂದ ಮುಕ್ತಲೋಕದ ಆಟವನ್ನು ಅಳೆಯುವವರು ಅದರ ಚದರ ಕಿಲೋಮೀಟರುಗಳನ್ನೂ ಗಂಟೆಗಳನ್ನೂ ಬದಿಗಿಟ್ಟು ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಅಲ್ಲಿಯ ನೆಲವು ಹೆಸರು ಹೇಳಿಸಿಕೊಳ್ಳುವ ಮೊದಲು ತನ್ನನ್ನು ಕಾಣಗೊಡುವುದೇ? ಒಂದು ಕಾರ್ಯವನ್ನು ತೆಗೆದುಹಾಕಿದರೆ ಕೃತಿಗೆ ನಷ್ಟವುಂಟೆ, ಅಥವಾ ಪಟ್ಟಿಗೆ ಮಾತ್ರ ನಷ್ಟವೆ? ಈ ಪ್ರಶ್ನೆಗಳನ್ನು ಮನೆಯ ಹಿರಿಯರೂ ಕೇಳಬಹುದು. ರಾತ್ರಿ ಬಹಳ ಹೊತ್ತು ಪರದೆಯ ಮುಂದೆ ಕುಳಿತ ಮಗನನ್ನೋ ಮಗಳನ್ನೋ ಎಷ್ಟು ಹೊತ್ತು ಆಡಿದೆಯೆಂದು ಗದರಿಸುವುದಕ್ಕಿಂತ, ಇಂದು ಅಲ್ಲಿ ಏನನ್ನು ಕಂಡೆಯೆಂದು ವಿಚಾರಿಸುವುದು ಮೇಲು. ಉತ್ತರವಾಗಿ ಒಂದು ಕಣಿವೆಯ ವರ್ಣನೆಯೋ ಒಬ್ಬ ದುಃಖಿಯ ಕಥೆಯೋ ಬಂದರೆ ಕಾಲವು ವ್ಯರ್ಥವಾಗಲಿಲ್ಲ. ಶೇಕಡ ಇಷ್ಟು ಮುಗಿಯಿತೆಂಬ ಲೆಕ್ಕವೊಂದೇ ಬಂದರೆ, ಆ ಬೇಸರವು ಆಡುವವರಿಗೂ ಒಳಗೊಳಗೇ ತಟ್ಟಿರುವುದು. ಅದನ್ನು ಅವರು ಸೋಮಾರಿತನವೆಂದು ನಾಚಬೇಕಾಗಿಲ್ಲ. ಪುಟ ಮಗುಚಿದ ಓದುಗನ ಬೇಸರದಿಂದಲೇ ಕಾವ್ಯವು ಹದಿನೆಂಟರ ಪಟ್ಟಿಯಿಂದ ಕ್ರಮೇಣ ಬಿಡುಗಡೆಯಾಯಿತು; ಆಟಗಾರನ ಬೇಸರಕ್ಕೂ ರಚನಾಕಾರರು ಅಷ್ಟೇ ಗೌರವದಿಂದ ಕಿವಿಗೊಡುವುದು ಯುಕ್ತವಾಗಿದೆ.